ಹೆಂಡತಿಯ ಎರಡು ಕಾರ್ಡ್‌ನಲ್ಲಿ ಎರಡು ಬ್ಲಡ್ ಗ್ರೂಪ್ ಇದೆ, ಯಾವುದನ್ನು ನಂಬೋದು?

ತಿಪಟೂರಿನವ

ಎಲ್ಲರಿಗೂ ನಮಸ್ಕಾರ. ನನ್ನ ಹೆಂಡತಿಗೆ ಈಗ ಆರು ತಿಂಗಳು, ಚೊಚ್ಚಲ ಹೆರಿಗೆ. ಅವಳ ಕಾಲೇಜ್ ಐಡಿ ಕಾರ್ಡ್‌ನಲ್ಲಿ ಓ ಪಾಸಿಟಿವ್ ಅಂತ ಇದೆ. ಮೊನ್ನೆ ಚೆಕಪ್‌ಗೆ ಹೋದಾಗ ತಾಯಿ ಕಾರ್ಡ್‌ನಲ್ಲಿ ಓ ನೆಗೆಟಿವ್ ಅಂತ ಬರೆದುಕೊಟ್ಟಿದ್ದಾರೆ. ನನ್ನದು ಬಿ ಪಾಸಿಟಿವ್. ಹುಟ್ಟಿನಿಂದ ಬಂದ ಗ್ರೂಪ್ ಬದಲಾಗಲ್ಲ ಅಂತಾರೆ, ಹಾಗಾದರೆ ಎರಡರಲ್ಲಿ ಒಂದು ತಪ್ಪು ಅಲ್ವಾ?

ನೆಗೆಟಿವ್ ಆದರೆ ಒಂದು ಇಂಜೆಕ್ಷನ್ ಬೇಕಾಗುತ್ತದೆ, ಹೊರಗೆ ತಗೊಂಡರೆ ದುಬಾರಿ ಅಂತ ಸಿಸ್ಟರ್ ಹೇಳಿದರು. ನಮ್ಮತ್ತೆ "ಮೊದಲನೇ ಮಗುಗೆ ಏನೂ ಆಗಲ್ಲ ಬಿಡಿ, ಎರಡನೇದಕ್ಕೆ ನೋಡ್ಕೊಂಡರಾಯ್ತು" ಅಂತಿದ್ದಾರೆ. ದುಡ್ಡಿನ ಪ್ರಶ್ನೆ ಅಲ್ಲ, ಬೇಕು ಅಂದರೆ ಹೇಗಾದರೂ ಹೊಂದಿಸುತ್ತೇನೆ. ಆದರೆ ಯಾವ ಕಾರ್ಡ್ ಸರಿ, ಇಂಜೆಕ್ಷನ್ ಯಾಕೆ, ಯಾರಾದರೂ ಬಿಡಿಸಿ ಹೇಳುತ್ತೀರಾ?

ಲ್ಯಾಬ್ ಅಕ್ಕ

ತಮ್ಮಾ, ನಾನು ಬ್ಲಡ್ ಬ್ಯಾಂಕಿನಲ್ಲಿ ಟೆಕ್ನಿಷಿಯನ್. ಎರಡೂ ಕಾರ್ಡ್ ನಂಬಬೇಡಿ. ಬ್ಲಡ್ ಬ್ಯಾಂಕ್ ಇರುವ ಕಡೆ ಹೊಸದಾಗಿ ಸ್ಯಾಂಪಲ್ ಕೊಡಿ, ಅಲ್ಲಿ ಟ್ಯೂಬ್‌ನಲ್ಲೋ ಜೆಲ್ ಕಾರ್ಡ್‌ನಲ್ಲೋ ನೋಡುತ್ತಾರೆ. ಅದು ಬರುವ ತನಕ ನೆಗೆಟಿವ್ ಅಂತಲೇ ಇಟ್ಟುಕೊಂಡು ನಡೆಯಿರಿ.

ಐಡಿ ಕಾರ್ಡ್‌ಗೆ ಗ್ರೂಪ್ ನೋಡುವುದು ಹೇಗೆ ಅಂತ ಹೇಳುತ್ತೇನೆ, ಆಗ ನಿಮಗೇ ಅರ್ಥವಾಗುತ್ತದೆ. ಒಂದು ಗಾಜಿನ ಸ್ಲೈಡ್ ಮೇಲೆ ಮೂರು ಹನಿ ಔಷಧ ಬಿಡುತ್ತೇವೆ. ನೀಲಿ ಬಣ್ಣದ್ದು ಆಂಟಿ-ಎ, ಹಳದಿ ಬಣ್ಣದ್ದು ಆಂಟಿ-ಬಿ, ಬಣ್ಣ ಇಲ್ಲದ್ದು ಆಂಟಿ-ಡಿ. ಡಿ ಅಂಶ ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಮೂರಕ್ಕೂ ಬೆರಳಿನ ರಕ್ತ ಸೇರಿಸಿ, ಕಡ್ಡಿಯಿಂದ ಕಲಸಿ, ಸ್ಲೈಡನ್ನು ಆ ಕಡೆ ಈ ಕಡೆ ಮೆಲ್ಲಗೆ ವಾಲಿಸುತ್ತೇವೆ. ಎಲ್ಲಿ ರಕ್ತ ಒಡೆದ ಹಾಲಿನ ಹಾಗೆ ಕಾಳುಕಾಳಾಗುತ್ತದೋ ಆ ಅಂಶ ಆ ರಕ್ತದಲ್ಲಿ ಇದೆ ಅಂತ ಅರ್ಥ. ಓ ನೆಗೆಟಿವ್ ಆದರೆ ಮೂರೂ ಹನಿ ನುಣ್ಣಗೆ ಇರುತ್ತವೆ.

ಎರಡು ನಿಮಿಷದ ಒಳಗೆ ಓದಿಬಿಡಬೇಕು. ಕ್ಯಾಂಪ್‌ಗಳಲ್ಲಿ ಇಡೀ ಕಾಲೇಜೇ ಸಾಲಿನಲ್ಲಿ ನಿಂತಿರುತ್ತದೆ, ಮೇಲೆ ಫ್ಯಾನ್ ತಿರುಗುತ್ತಿರುತ್ತದೆ, ಹನಿಯ ಅಂಚು ಒಣಗಿಹೋಗುತ್ತದೆ. ಒಣಗಿದ ಅಂಚು ನೋಡುವುದಕ್ಕೆ ಥೇಟ್ ಕಾಳು ಕಟ್ಟಿದ ಹಾಗೆಯೇ ಕಾಣುತ್ತದೆ. ಅಲ್ಲಿ ನೆಗೆಟಿವ್ ಇದ್ದವರು ಪಾಸಿಟಿವ್ ಆಗಿಬಿಡುತ್ತಾರೆ. ಅದೇ ಐಡಿ ಕಾರ್ಡ್‌ಗೆ ಹೋಗುತ್ತದೆ, ಅಲ್ಲಿಂದ ಡ್ರೈವಿಂಗ್ ಲೈಸೆನ್ಸ್‌ಗೆ, ಅಲ್ಲಿಂದ ಆಫೀಸಿನ ರೆಕಾರ್ಡ್‌ಗೆ. ಯಾರೂ ಮತ್ತೆ ನೋಡುವುದಿಲ್ಲ.

ಇನ್ನೊಂದು ಕಾರಣವೂ ಇರಬಹುದು. ಕೆಲವರಿಗೆ ಡಿ ಅಂಶ ಇದ್ದರೂ ತೀರಾ ಕಡಿಮೆ ಇರುತ್ತದೆ. ಅದಕ್ಕೆ ವೀಕ್ ಡಿ ಅನ್ನುತ್ತೇವೆ. ಒಂದು ಕಂಪನಿಯ ಔಷಧದಲ್ಲಿ ಪಾಸಿಟಿವ್ ಬರುತ್ತದೆ, ಇನ್ನೊಂದರಲ್ಲಿ ನೆಗೆಟಿವ್. ಹಾಗಾಗಿ ಬ್ಲಡ್ ಬ್ಯಾಂಕ್‌ನವರಿಗೆ "ಎರಡು ಕಡೆ ಬೇರೆ ಬೇರೆ ಬಂದಿದೆ" ಅಂತ ಬಾಯಿಬಿಟ್ಟು ಹೇಳಿ. ಎರಡೂ ಕಾರ್ಡ್ ತೋರಿಸಿ. ಅವರು ಇನ್ನಷ್ಟು ಆಳಕ್ಕೆ ಹೋಗಿ ನೋಡುತ್ತಾರೆ. ಜೊತೆಗೆ ಐಸಿಟಿ ಅಂತ ಒಂದು ಟೆಸ್ಟ್ ಕೇಳಿ.

ಹೆರಿಗೆ ವಾರ್ಡ್

ಲ್ಯಾಬ್ ಅಕ್ಕ ಹೇಳಿದ್ದು ಸರಿ. ನಾನು ಪ್ರಸೂತಿ ವಿಭಾಗದಲ್ಲಿ ಕೆಲಸ ಮಾಡುವ ಡಾಕ್ಟರ್. ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ನಿಜ ಇದೆ, ಆ ಅರ್ಧದಿಂದಲೇ ಅಪಾಯ ಆಗುವುದು.

ತಾಯಿ ನೆಗೆಟಿವ್, ಅಪ್ಪ ಪಾಸಿಟಿವ್ ಆದರೆ ಮಗು ಪಾಸಿಟಿವ್ ಆಗುವ ಸಾಧ್ಯತೆ ಜಾಸ್ತಿ. ಬಸುರಿನಲ್ಲಿ ಅಮ್ಮನ ರಕ್ತ, ಮಗುವಿನ ರಕ್ತ ಬೇರೆ ಬೇರೆಯಾಗಿಯೇ ಹರಿಯುತ್ತವೆ. ಆದರೆ ಹೆರಿಗೆಯ ಹೊತ್ತಿಗೆ ಮಾಸು ಬಿಡುವಾಗ ಮಗುವಿನ ರಕ್ತ ಸ್ವಲ್ಪ ಅಮ್ಮನ ರಕ್ತಕ್ಕೆ ಸೇರುತ್ತದೆ. ಅಮ್ಮನ ಮೈಗೆ ಆ ಡಿ ಅಂಶ ಹೊಸದು. ಅದು ಹೊರಗಿನ ಶತ್ರು ಅಂತ ತಿಳಿದು ಪ್ರತಿಕಾಯ ತಯಾರಿಸುತ್ತದೆ. ಅಷ್ಟರಲ್ಲಿ ಮೊದಲನೇ ಮಗು ಹೊರಗೆ ಬಂದಿರುತ್ತದೆ, ಅದಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅತ್ತೆಯವರು ನೋಡಿರುವುದು ಇದನ್ನೇ.

ಆದರೆ ಒಂದು ಸಲ ತಯಾರಾದ ಪ್ರತಿಕಾಯ ಮತ್ತೆ ಹೋಗುವುದಿಲ್ಲ. ಮುಂದಿನ ಬಸುರಿನಲ್ಲಿ ಮಗು ಮತ್ತೆ ಪಾಸಿಟಿವ್ ಆದರೆ ಆ ಪ್ರತಿಕಾಯ ಮಾಸು ದಾಟಿ ಹೋಗಿ ಮಗುವಿನ ಕೆಂಪು ರಕ್ತಕಣ ಒಡೆಯಲು ಶುರುಮಾಡುತ್ತದೆ. ಹೊಟ್ಟೆಯಲ್ಲೇ ಮಗುವಿಗೆ ರಕ್ತ ಕಡಿಮೆಯಾಗುತ್ತದೆ, ಮೈ ಎಲ್ಲಾ ನೀರು ತುಂಬಿ ಊದಿಕೊಳ್ಳಬಹುದು, ಹುಟ್ಟಿದ ಮೇಲೆ ವಿಪರೀತ ಕಾಮಾಲೆ ಬಂದು ಮಿದುಳಿಗೆ ಏಟಾಗಬಹುದು, ಮಗು ಉಳಿಯದೇ ಹೋಗಬಹುದು. ಪ್ರತಿಕಾಯ ತಯಾರಾದ ಮೇಲೆ ಆ ಇಂಜೆಕ್ಷನ್ ಕೊಟ್ಟು ಪ್ರಯೋಜನ ಇಲ್ಲ. ಎರಡನೇ ಮಗುವನ್ನು ಕಾಪಾಡುವ ಇಂಜೆಕ್ಷನ್ ಕೊಡಬೇಕಾದದ್ದು ಮೊದಲನೇ ಹೆರಿಗೆಯಲ್ಲೇ. ಇದನ್ನು ಅತ್ತೆಯವರಿಗೆ ಸಮಾಧಾನವಾಗಿ ಹೇಳಿ, ಅವರೂ ಮೊಮ್ಮಕ್ಕಳ ಒಳ್ಳೆಯದನ್ನೇ ಬಯಸುವವರು.

ಕ್ರಮ ಹೀಗೆ. ಐಸಿಟಿ ಅಂದರೆ ಅಮ್ಮನ ರಕ್ತದಲ್ಲಿ ಆ ಪ್ರತಿಕಾಯ ಆಗಲೇ ಇದೆಯಾ ಅಂತ ನೋಡುವ ಪರೀಕ್ಷೆ. ಇಲ್ಲ ಅಂತ ಬಂದರೆ 28 ವಾರಕ್ಕೆ ಆ ಇಂಜೆಕ್ಷನ್, ಅದರ ಹೆಸರೂ ಆಂಟಿ-ಡಿ, 300 ಮೈಕ್ರೋಗ್ರಾಂ. ಹೆರಿಗೆ ಆದ ಕೂಡಲೇ ಹೊಕ್ಕುಳಬಳ್ಳಿಯ ರಕ್ತದಿಂದ ಮಗುವಿನ ಗ್ರೂಪ್ ನೋಡುತ್ತಾರೆ, ಮಗು ಪಾಸಿಟಿವ್ ಆದರೆ 72 ಗಂಟೆಯ ಒಳಗೆ ಇನ್ನೊಂದು ಡೋಸ್. ಮಗು ನೆಗೆಟಿವ್ ಆದರೆ ಆ ಎರಡನೇದು ಬೇಡ. ನಿಮಗೆ ಆರು ತಿಂಗಳು ಅಂದರೆ 28 ವಾರ ಹತ್ತಿರದಲ್ಲೇ ಇದೆ, ಈ ವಾರವೇ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಕ್ ಇದೆಯಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಮಲೆನಾಡ ಮಳೆ

ಡಾಕ್ಟರ್ ಹೇಳಿದ್ದನ್ನು ದಯವಿಟ್ಟು ಯಾರೂ ಹಗುರವಾಗಿ ತಗೋಬೇಡಿ. ನನ್ನ ಅಕ್ಕನದು ಎ ನೆಗೆಟಿವ್. ಮೊದಲನೇದು ನಾಲ್ಕನೇ ತಿಂಗಳಲ್ಲಿ ಗರ್ಭಪಾತ ಆಯಿತು. ಒಂದು ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ಕ್ಲೀನ್ ಮಾಡಿ ಕಳಿಸಿದರು, ಇಂಜೆಕ್ಷನ್ ವಿಷಯ ಯಾರೂ ಎತ್ತಲಿಲ್ಲ. ಮುಂದಿನ ಬಸುರಿನಲ್ಲಿ ಐಸಿಟಿ ಪಾಸಿಟಿವ್ ಬಂತು. ಆಮೇಲೆ ಮಣಿಪಾಲ, ಬೆಂಗಳೂರು ಅಂತ ಓಡಾಡಿ, ಮಗು ಹೊಟ್ಟೆಯಲ್ಲಿರುವಾಗಲೇ ಹೊಕ್ಕುಳಬಳ್ಳಿಯ ಮೂಲಕ ಅದಕ್ಕೆ ರಕ್ತ ಕೊಡಿಸಬೇಕಾಯಿತು. ಸೂಜಿ ಎಲ್ಲಿ ಹೋಗುತ್ತಿದೆ ಅಂತ ಸ್ಕ್ಯಾನಿಂಗ್ ಪರದೆಯಲ್ಲಿ ಭಾವ ನೋಡುತ್ತಾ ನಿಂತಿದ್ದರಂತೆ, ಅವತ್ತಿನಿಂದ ಅವರು ರಕ್ತದ ವಿಷಯ ಬಂದರೆ ಯಾರನ್ನೂ ಸುಮ್ನೆ ಬಿಡುವುದಿಲ್ಲ, ಊರಲ್ಲಿ ಯಾರ ಮನೆಯಲ್ಲಿ ಬಸುರಿ ಅಂತ ಗೊತ್ತಾದರೂ ಹೋಗಿ ಗ್ರೂಪ್ ಕೇಳುತ್ತಾರೆ. ಮಗು ಉಳಿಯಿತು, ಈಗ ಶಾಲೆಗೆ ಹೋಗುತ್ತಿದೆ. ಆದರೆ ಆ ತಿಂಗಳುಗಳು ಯಾರ ಮನೆಗೂ ಬೇಡ.

ಹೆರಿಗೆ ಒಂದಕ್ಕೇ ಅಲ್ಲ. ಗರ್ಭಪಾತ ಆದರೆ, ಬಸುರಿನ ನಡುವೆ ರಕ್ತ ಹೋದರೆ, ಬಿದ್ದು ಹೊಟ್ಟೆಗೆ ಏಟಾದರೆ, ಟ್ಯೂಬ್‌ನಲ್ಲಿ ಬಸುರು ನಿಂತು ಆಪರೇಷನ್ ಆದರೆ, "ಇವಳು ನೆಗೆಟಿವ್, ಆಂಟಿ-ಡಿ ಬೇಕಾ?" ಅಂತ ಬಾಯಿಬಿಟ್ಟು ಕೇಳಿ. ಕೇಳಿದರೆ ಯಾರೂ ಬೈಯುವುದಿಲ್ಲ.

ಹೆರಿಗೆ ವಾರ್ಡ್

ಹೌದು, ಇದು ಬಹಳ ಮುಖ್ಯ. ಸೇರಿಸಿದ್ದಕ್ಕೆ ಧನ್ಯವಾದ.

ಈ ಇಂಜೆಕ್ಷನ್ ಎಲ್ಲಿಂದ ಬರುತ್ತದೆ ಅಂತಲೂ ಗೊತ್ತಿರಲಿ. ಇದನ್ನು ತಯಾರಿಸುವುದು ಜನರ ಪ್ಲಾಸ್ಮಾದಿಂದಲೇ, ಅಂದರೆ ರಕ್ತದಲ್ಲಿ ಕಣ ಬಿಟ್ಟು ಉಳಿಯುವ ತಿಳಿಯಿಂದ. ಆಸ್ಟ್ರೇಲಿಯಾದಲ್ಲಿ ಜೇಮ್ಸ್ ಹ್ಯಾರಿಸನ್ ಅಂತ ಒಬ್ಬರಿದ್ದರು. ಅವರ ರಕ್ತದಲ್ಲಿ ಈ ಆಂಟಿ-ಡಿ ಹೇರಳವಾಗಿತ್ತು. 1954ರಿಂದ 2018ರ ತನಕ 1,173 ಸಲ ದಾನ ಮಾಡಿದರು. ಸುಮಾರು 24 ಲಕ್ಷ ಮಕ್ಕಳಿಗೆ ಅದರಿಂದ ಉಪಕಾರ ಆಯಿತು ಅಂತ ಅಲ್ಲಿನ ಲೆಕ್ಕ. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಈ ಔಷಧ ಬಳಕೆಗೆ ಬಂದದ್ದು 1968ರಲ್ಲಿ. ಅದಕ್ಕೆ ಮುಂಚೆ ನೆಗೆಟಿವ್ ತಾಯಂದಿರಿಗೆ ಒಂದರ ಮೇಲೊಂದು ಮಕ್ಕಳು ತೀರಿಕೊಳ್ಳುತ್ತಿದ್ದವು, ಊರಿನವರು ಅದಕ್ಕೆ ಏನೇನೋ ಕಾರಣ ಕಟ್ಟಿ ಆ ತಾಯಿಯನ್ನೇ ದೂರುತ್ತಿದ್ದರು.

ಹೊಸಪೇಟೆ ಸೂರ್ಯ

ಒಂದು ಪ್ರಶ್ನೆ. ನಮ್ಮ ಕಡೆ ಗಂಡು ಹೆಣ್ಣಿಗೆ ಒಂದೇ ಬ್ಲಡ್ ಗ್ರೂಪ್ ಇದ್ದರೆ ಮದುವೆ ಆಗಬಾರದು, ಮಕ್ಕಳಿಗೆ ತೊಂದರೆ ಅಂತಾರೆ. ತಂಗಿಗೆ ಒಂದು ಒಳ್ಳೆಯ ಸಂಬಂಧ ಬಂದಿದೆ, ಹುಡುಗನದೂ ಬಿ ಪಾಸಿಟಿವ್, ಇವಳದೂ ಬಿ ಪಾಸಿಟಿವ್. ಮನೆಯಲ್ಲಿ ಹಿಂದೆಮುಂದೆ ನೋಡುತ್ತಿದ್ದಾರೆ.

ಲ್ಯಾಬ್ ಅಕ್ಕ

ಒಂದೇ ಗ್ರೂಪ್ ಇದ್ದರೆ ಏನೇನೂ ತೊಂದರೆ ಇಲ್ಲ. ಅದು ಬರೀ ಮಾತು. ಗ್ರೂಪ್ ನೋಡಿ ಸಂಬಂಧ ಬಿಡುವುದಕ್ಕೆ ಕಾರಣವೇ ಇಲ್ಲ. ಹುಡುಗಿ ನೆಗೆಟಿವ್ ಆದರೂ ಬಿಡಬೇಕಾಗಿಲ್ಲ, ಅದಕ್ಕೆ ಇಂಜೆಕ್ಷನ್ ಇದೆ. ನೆಗೆಟಿವ್ ಅಂತ ಹುಡುಗಿಯನ್ನು ಬೇಡ ಅನ್ನುವ ಮನೆಗಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 5 ಜನ ನೆಗೆಟಿವ್, ಯುರೋಪಿನ ಬಿಳಿಯರಲ್ಲಿ ನೂರಕ್ಕೆ ಸುಮಾರು 15. ಅಲ್ಲಿ ಎಲ್ಲರೂ ಮದುವೆ ಆಗಿ ಮಕ್ಕಳನ್ನು ಹೆತ್ತು ಚೆನ್ನಾಗಿದ್ದಾರೆ.

ಮದುವೆಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸುವ ಮನಸ್ಸಿದ್ದರೆ ಥಲಸ್ಸೀಮಿಯಾ ಅನ್ನುವ, ತಂದೆ ತಾಯಿಯಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆಯ ವಾಹಕರಾ ಅಂತ ನೋಡುವ ಎಚ್‌ಬಿ-ಎ2 ಪರೀಕ್ಷೆ ಮಾಡಿಸಿ. ಅದರಿಂದ ಪ್ರಯೋಜನ ಇದೆ. ಅದರಲ್ಲೂ ಸೋದರಮಾವ, ಅತ್ತೆ ಮಗ ಅಂತ ಹತ್ತಿರದ ಸಂಬಂಧದಲ್ಲೇ ಕೊಟ್ಟು ತರುವ ಮನೆಗಳವರು.

ಹೊಸಪೇಟೆ ಸೂರ್ಯ

ತುಂಬಾ ಥ್ಯಾಂಕ್ಸ್ ಅಕ್ಕ. ಇವತ್ತೇ ಅಪ್ಪನಿಗೆ ಓದಿ ಹೇಳುತ್ತೇನೆ.

ಕೆಂಗೇರಿ ಕಿಟ್ಟಿ

ಒಂದು ಅರ್ಥ ಆಗಲಿಲ್ಲ. ಓ ನೆಗೆಟಿವ್ ರಕ್ತ ಯಾರಿಗೆ ಬೇಕಾದರೂ ಕೊಡಬಹುದಲ್ವಾ? ಎಬಿ ಪಾಸಿಟಿವ್ ಇದ್ದವರು ಯಾರದ್ದು ಬೇಕಾದರೂ ತಗೋಬಹುದು. ಮತ್ತೆ ಬ್ಲಡ್ ಬ್ಯಾಂಕ್‌ನಲ್ಲಿ ಕ್ರಾಸ್ ಮ್ಯಾಚ್ ಅಂತ ಒಂದು ಗಂಟೆ ಯಾಕೆ ಕಾಯಿಸುತ್ತಾರೆ? ಎಮರ್ಜೆನ್ಸಿ ಅಂತ ಹೇಳಿದರೂ ಕೇಳಲ್ಲ.

ಲ್ಯಾಬ್ ಅಕ್ಕ

ಕಾಯುವವರ ಕಷ್ಟ ನನಗೆ ಗೊತ್ತು. ಕಿಟಕಿಯ ಆ ಕಡೆ ನಿಂತವರ ಮುಖ ದಿನಾ ನೋಡುತ್ತೇನೆ. ಆದರೆ ಆ ಹೊತ್ತಿನಲ್ಲಿ ಒಳಗೆ ಏನು ನಡೆಯುತ್ತದೆ ಅಂತ ಹೇಳಲೇಬೇಕು.

ಕೆಂಪು ರಕ್ತಕಣದ ಮೇಲ್ಮೈಯಲ್ಲಿ ಎಚ್ ಅಂತ ಒಂದು ಮೂಲ ಅಂಶ ಇರುತ್ತದೆ. ಅದರ ತುದಿಗೆ ಒಂದು ಬಗೆಯ ಸಕ್ಕರೆ ಸೇರಿದರೆ ಎ, ಇನ್ನೊಂದು ಬಗೆಯದು ಸೇರಿದರೆ ಬಿ, ಎರಡೂ ಇದ್ದರೆ ಎಬಿ, ಏನೂ ಸೇರದಿದ್ದರೆ ಓ. ನಮ್ಮಲ್ಲಿ ಯಾವುದು ಇಲ್ಲವೋ ಅದರ ವಿರುದ್ಧ ಪ್ರತಿಕಾಯ ಹುಟ್ಟಿದ ಕೆಲವು ತಿಂಗಳಲ್ಲೇ ತಾನಾಗಿ ಬೆಳೆಯುತ್ತದೆ, ಅದಕ್ಕೆ ಮುಂಚೆ ಬೇರೆಯವರ ರಕ್ತ ಪಡೆದಿರಬೇಕು ಅಂತೇನೂ ಇಲ್ಲ. ವಿಯೆನ್ನಾದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ತನ್ನ ಜೊತೆ ಕೆಲಸ ಮಾಡುವವರದ್ದೇ ರಕ್ತ ತಗೊಂಡು, ಒಬ್ಬರ ಕಣ ಇನ್ನೊಬ್ಬರ ಸೀರಮ್‌ಗೆ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಗೆ, ಬೆರೆಸಿ ನೋಡಿ 1901ರಲ್ಲಿ ಇದನ್ನು ಬರೆದರು. ಆಗ ಅವರಿಗೆ ಸಿಕ್ಕಿದ್ದು ಮೂರೇ ಗ್ರೂಪ್, ಎಬಿ ಮರುವರ್ಷ ಸಿಕ್ಕಿತು. 1930ರಲ್ಲಿ ಅವರಿಗೆ ನೊಬೆಲ್ ಬಂತು. ಪಾಸಿಟಿವ್ ನೆಗೆಟಿವ್ ಅನ್ನುವ ಆರ್‌ಎಚ್ ವಿಷಯ 1940ರದ್ದು, ಅದರಲ್ಲೂ ಅವರ ಹೆಸರಿದೆ. ಜೂನ್ 14 ರಕ್ತದಾನಿಗಳ ದಿನ, ಅದು ಅವರು ಹುಟ್ಟಿದ ದಿನ.

ಈಗ ನಿಮ್ಮ ಪ್ರಶ್ನೆ. ಓ ನೆಗೆಟಿವ್ ಯಾರಿಗಾದರೂ ಕೊಡಬಹುದು ಅನ್ನುವುದು ಕೆಂಪು ಕಣಕ್ಕೆ ಮಾತ್ರ. ಪ್ಲಾಸ್ಮಾ ವಿಷಯದಲ್ಲಿ ಪೂರ್ತಿ ಉಲ್ಟಾ. ಓ ಗ್ರೂಪಿನವರ ಪ್ಲಾಸ್ಮಾದಲ್ಲಿ ಆಂಟಿ-ಎ, ಆಂಟಿ-ಬಿ ಎರಡೂ ಇರುತ್ತವೆ, ಅದನ್ನು ಎ ಗ್ರೂಪಿನವರಿಗೆ ಹಾಕುವ ಹಾಗಿಲ್ಲ. ಎಬಿ ಪ್ಲಾಸ್ಮಾ ಎಲ್ಲರಿಗೂ ನಡೆಯುತ್ತದೆ. ಮತ್ತೆ ಎ, ಬಿ, ಡಿ ಬಿಟ್ಟು ಕೆಲ್, ಡಫಿ, ಕಿಡ್ ಅಂತ ಇನ್ನೂ ಬಹಳ ಇವೆ. ಒಟ್ಟು 45ಕ್ಕೂ ಜಾಸ್ತಿ ಬ್ಲಡ್ ಗ್ರೂಪ್ ವ್ಯವಸ್ಥೆಗಳನ್ನು ಗುರುತಿಸಿದ್ದಾರೆ. ಹಿಂದೆ ರಕ್ತ ಹಾಕಿಸಿಕೊಂಡವರಿಗೆ, ಬಸುರಿ ಆದವರಿಗೆ ಇವುಗಳ ವಿರುದ್ಧ ಪ್ರತಿಕಾಯ ಇರಬಹುದು. ಕ್ರಾಸ್ ಮ್ಯಾಚ್ ಅಂದರೆ ರೋಗಿಯ ಸೀರಮ್‌ಗೆ ಆ ಚೀಲದ ಕಣವನ್ನೇ ಬೆರೆಸಿ, 37 ಡಿಗ್ರಿಯಲ್ಲಿ ಇಟ್ಟು, ಜಗಳ ಆಗುತ್ತದಾ ಅಂತ ಹೊರಗೇ ನೋಡಿಕೊಳ್ಳುವುದು. ಪ್ರಾಣ ಹೋಗುವ ಸ್ಥಿತಿ ಇದ್ದರೆ ಡಾಕ್ಟರ್ ಬರೆದುಕೊಟ್ಟ ಮೇಲೆ ಓ ಕಣವನ್ನು ಕ್ರಾಸ್ ಮ್ಯಾಚ್ ಮುಗಿಯುವ ಮುಂಚೆಯೇ ಕೊಡುತ್ತೇವೆ, ಟೆಸ್ಟ್ ಹಿಂದಿನಿಂದ ಮುಗಿಸುತ್ತೇವೆ. ಉಳಿದ ಹೊತ್ತಿನಲ್ಲಿ ಆ ಗಂಟೆ ಬಿಟ್ಟುಕೊಡಲು ಆಗುವುದಿಲ್ಲ.

ಒಂದು ಮಾತು ದಯವಿಟ್ಟು ನೆನಪಿಟ್ಟುಕೊಳ್ಳಿ. ತಪ್ಪು ಗ್ರೂಪಿನ ರಕ್ತ ಹೋಗುವುದಕ್ಕೆ ದೊಡ್ಡ ಕಾರಣ ಲ್ಯಾಬ್ ಟೆಸ್ಟ್ ಅಲ್ಲ. ಹೆಸರು ಅದಲುಬದಲು. ಒಂದೇ ವಾರ್ಡ್‌ನಲ್ಲಿ ಇಬ್ಬರು ಲಕ್ಷ್ಮಮ್ಮ ಇರುತ್ತಾರೆ. ಒಬ್ಬರ ಟ್ಯೂಬ್‌ಗೆ ಇನ್ನೊಬ್ಬರ ಚೀಟಿ ಅಂಟುತ್ತದೆ. ಆಮೇಲೆ ನಾವು ಒಳಗೆ ಎಷ್ಟೇ ಸರಿಯಾಗಿ ಕ್ರಾಸ್ ಮ್ಯಾಚ್ ಮಾಡಿದರೂ ಅದು ಬೇರೆಯವರದ್ದು. ಹಾಗಾಗಿ ಸ್ಯಾಂಪಲ್ ತೆಗೆಯುವಾಗ, ಹಾಸಿಗೆ ಪಕ್ಕದಲ್ಲೇ ಟ್ಯೂಬ್ ಮೇಲೆ ಹೆಸರು ಮತ್ತು ಐಪಿ (ಒಳರೋಗಿ) ನಂಬರ್ ಬರೆಯುತ್ತಿದ್ದಾರಾ ನೋಡಿ. ರಕ್ತ ಹಾಕುವ ಮುಂಚೆ ಚೀಲದ ಮೇಲಿನ ಹೆಸರು, ನಂಬರ್, ಗ್ರೂಪ್ ಒಂದು ಸಲ ಜೋರಾಗಿ ಓದಿಸಿ. ಶುರುವಾದ ಮೊದಲ 15 ನಿಮಿಷ ಯಾರಾದರೂ ಪಕ್ಕದಲ್ಲೇ ಇರಿ. ಚಳಿ, ಜ್ವರ, ಸೊಂಟ ನೋವು, ಸೂಜಿ ಹಾಕಿದ ಕೈ ಉರಿ, ಎದೆ ಬಿಗಿತ, ಮೂತ್ರ ಕೆಂಪಗೆ ಬರುವುದು, ಇದರಲ್ಲಿ ಯಾವುದು ಕಂಡರೂ ಕೂಡಲೇ ಸಿಸ್ಟರನ್ನು ಕೂಗಿ. ಮೊದಲ ಕೆಲಸ ರಕ್ತ ನಿಲ್ಲಿಸುವುದು.

ಕೆಂಗೇರಿ ಕಿಟ್ಟಿ

ಇಷ್ಟು ಇದೆ ಅಂತ ಗೊತ್ತೇ ಇರಲಿಲ್ಲ. ಹಾಗಾದರೆ ಓ ಪಾಸಿಟಿವ್ ಇದ್ದವರಿಗೆ ಓ ಪಾಸಿಟಿವ್ ರಕ್ತವೇ ಆಗದೆ ಹೋಗುವುದೂ ಉಂಟಾ?

ದಾವಣಗೆರೆಯವ

ಉಂಟು. ದೂರ ಹೋಗಬೇಡಿ, ನಮ್ಮ ಕೋಲಾರದ್ದೇ ಕಥೆ. ಕೋಲಾರ ಜಿಲ್ಲೆಯ 38 ವರ್ಷದ ಒಬ್ಬ ಹೆಣ್ಣುಮಗಳು ಹೃದಯದ ಆಪರೇಷನ್‌ಗೆ ಅಂತ ಆಸ್ಪತ್ರೆಗೆ ಸೇರಿದ್ದರು. ಅವರದು ಓ ಪಾಸಿಟಿವ್. ಆದರೆ ಯಾವ ಓ ಪಾಸಿಟಿವ್ ಚೀಲವೂ ಹೊಂದಲಿಲ್ಲ. ಸ್ಯಾಂಪಲ್ ಬೆಂಗಳೂರಿನ ರೋಟರಿ ಟಿಟಿಕೆ ರಕ್ತನಿಧಿಗೆ ಬಂತು. ಅಲ್ಲೂ ಎಲ್ಲದರ ಜೊತೆಗೂ ಪ್ರತಿಕ್ರಿಯೆ. ಮನೆಯವರು, ನೆಂಟರು ಸೇರಿ 20 ಜನರ ರಕ್ತ ನೋಡಿದರು, ಒಬ್ಬರದ್ದೂ ಆಗಲಿಲ್ಲ. ಕೊನೆಗೆ ಡಾಕ್ಟರುಗಳು ಬಹಳ ಎಚ್ಚರಿಕೆಯಿಂದ ರಕ್ತ ಹಾಕದೆಯೇ ಆಪರೇಷನ್ ಮುಗಿಸಿದರು. ಸ್ಯಾಂಪಲ್ ಇಂಗ್ಲೆಂಡಿನ ಬ್ರಿಸ್ಟಲ್‌ನ ಲ್ಯಾಬ್‌ಗೆ ಹೋಯಿತು. ಸುಮಾರು ಹತ್ತು ತಿಂಗಳು ಹುಡುಕಿದ ಮೇಲೆ ಗೊತ್ತಾಯಿತು, ಇದು ಕ್ರೋಮರ್ ಅನ್ನುವ ವ್ಯವಸ್ಥೆಗೆ ಸೇರಿದ, ಅಲ್ಲಿಯವರೆಗೆ ಜಗತ್ತಿನಲ್ಲಿ ಯಾರೂ ಗುರುತಿಸಿರದ ಅಂಶ ಅಂತ. ಅದಕ್ಕೆ ಸಿಆರ್‌ಐಬಿ, ಅಂದರೆ ಕ್ರಿಬ್ ಅಂತ ಹೆಸರಿಟ್ಟರು. ಕ್ರೋಮರ್‌ನ ಸಿಆರ್, ಇಂಡಿಯಾದ ಐ, ಬೆಂಗಳೂರಿನ ಬಿ. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ಸಭೆಯಲ್ಲಿ ಪ್ರಕಟಿಸಿದರು.

ಇನ್ನೊಂದು ನಮ್ಮ ಊರಿನದು. ಬಾಂಬೆ ಬ್ಲಡ್ ಗ್ರೂಪ್ ಅಂತ ಇದೆ. 1952ರಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಜೊತೆಯವರು ಬಾಂಬೆಯಲ್ಲಿ ಕಂಡುಹಿಡಿದದ್ದು. ಅಕ್ಕ ಹೇಳಿದ ಆ ಎಚ್ ಅಂಶವೇ ಇವರಲ್ಲಿ ಇರುವುದಿಲ್ಲ. ಹಾಗಾಗಿ ಎ, ಬಿ, ಓ ಯಾರ ರಕ್ತವೂ ಆಗುವುದಿಲ್ಲ, ಬಾಂಬೆ ಗ್ರೂಪಿನವರದ್ದೇ ಬೇಕು. ನಮ್ಮ ದೇಶದಲ್ಲಿ ಹತ್ತು ಸಾವಿರಕ್ಕೆ ಸುಮಾರು ಒಬ್ಬರು ಅಂತಾರೆ, ಯುರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರು. 2017ರಲ್ಲಿ ಮ್ಯಾನ್ಮಾರ್‌ನ ಯಾಂಗೋನ್‌ನಲ್ಲಿ ಒಬ್ಬ ಹೆಣ್ಣುಮಗಳ ಹೃದಯದ ಆಪರೇಷನ್‌ಗೆ ಈ ರಕ್ತ ಬೇಕಾಯಿತು. ಅಲ್ಲೆಲ್ಲೂ ಸಿಗಲಿಲ್ಲ. ನಮ್ಮ ದಾವಣಗೆರೆಯ ರಕ್ತನಿಧಿಯಿಂದ ಎರಡು ಯೂನಿಟ್ ಹೋಯಿತು. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್‌ನವರು ಬಾಂಬೆ ಗ್ರೂಪ್ ದಾನಿಗಳ ಪಟ್ಟಿ ಇಟ್ಟುಕೊಂಡು ಇಂಥ ಹೊತ್ತಿನಲ್ಲಿ ಜೋಡಿಸಿಕೊಡುತ್ತಾರೆ. ದಾವಣಗೆರೆ ಅಂದರೆ ಬೆಣ್ಣೆದೋಸೆ ಅಂತಷ್ಟೇ ನೆನೆಸುವವರಿಗೆ ನಾನು ಇದನ್ನೂ ಹೇಳುತ್ತೇನೆ.

ಲ್ಯಾಬ್ ಅಕ್ಕ

ಬಾಂಬೆ ಗ್ರೂಪ್ ವಿಷಯ ಬಂದದ್ದು ಒಳ್ಳೆಯದಾಯಿತು, ಯಾಕಂದರೆ ಇವರು ಬರೀ ಸ್ಲೈಡ್ ಟೆಸ್ಟ್‌ನಲ್ಲಿ ಓ ಅಂತಲೇ ಕಾಣುತ್ತಾರೆ. ಆಂಟಿ-ಎ ಹಾಕಿದರೂ ಕಾಳಿಲ್ಲ, ಆಂಟಿ-ಬಿ ಹಾಕಿದರೂ ಕಾಳಿಲ್ಲ. ಅದನ್ನೇ ನಂಬಿ ಓ ರಕ್ತ ಹಾಕಿದರೆ ಕಣಗಳು ಒಡೆದು ಪ್ರಾಣಕ್ಕೇ ಬರುತ್ತದೆ. ರಿವರ್ಸ್ ಗ್ರೂಪಿಂಗ್ ಮಾಡಿದಾಗ ಸಿಕ್ಕಿಬೀಳುತ್ತದೆ. ಅಂದರೆ ಅವರ ಸೀರಮ್‌ಗೆ ನಮ್ಮಲ್ಲಿ ಇಟ್ಟಿರುವ ಎ ಕಣ, ಬಿ ಕಣ, ಓ ಕಣ ಬೇರೆ ಬೇರೆಯಾಗಿ ಹಾಕುತ್ತೇವೆ. ಓ ಗ್ರೂಪಿನವರ ಸೀರಮ್ ಓ ಕಣದ ತಂಟೆಗೆ ಹೋಗಬಾರದು. ಅಲ್ಲೂ ಕಾಳುಕಟ್ಟಿದರೆ ಕೈಯಲ್ಲಿರುವ ಕೆಲಸ ಬಿಟ್ಟು ಮೇಲಿನವರಿಗೆ ಫೋನ್ ಮಾಡುತ್ತೇವೆ. ಬ್ಲಡ್ ಬ್ಯಾಂಕಿನಲ್ಲೇ ಗ್ರೂಪ್ ನೋಡಿಸಿ ಅಂತ ನಾನು ಪದೇಪದೇ ಹೇಳುವುದು ಇದಕ್ಕೇ.

ಮನೆಮನೆಯಲ್ಲಿ ಕಣ್ಣೀರು ಹಾಕಿಸುವ ಒಂದು ವಿಷಯವೂ ಇದರಲ್ಲಿದೆ. ತಾಯಿಯ ಕಾರ್ಡ್‌ನಲ್ಲಿ ಓ, ಅಪ್ಪನದು ಎ, ಮಗುವಿನದು ಬಿ ಅಂತ ಬಂದರೆ ಕೆಲವು ಮನೆಗಳಲ್ಲಿ ಹೆಣ್ಣಿನ ಮೇಲೆ ಅನುಮಾನ ಪಡುತ್ತಾರೆ. ತಾಯಿ ಬಾಂಬೆ ಗ್ರೂಪ್ ಆಗಿದ್ದರೆ ಆಕೆಯಲ್ಲಿ ಬಿ ಜೀನ್ ಇದ್ದೂ ಅದು ಹೊರಗೆ ಕಾಣುವುದಿಲ್ಲ, ಮಗುವಿಗೆ ದಾಟಿದ ಮೇಲೆ ಕಾಣುತ್ತದೆ. ಇಲ್ಲವೇ ಯಾವುದೋ ಕ್ಯಾಂಪ್‌ನ ಕಾರ್ಡ್ ತಪ್ಪಿರಬಹುದು. ದಯವಿಟ್ಟು ಬ್ಲಡ್ ಗ್ರೂಪ್ ಕಾರ್ಡ್ ಹಿಡಿದುಕೊಂಡು ಯಾರ ನಡತೆಯನ್ನೂ ಅಳೆಯಬೇಡಿ.

ತಿಪಟೂರಿನವ

ಎಲ್ಲರಿಗೂ ಕೈಮುಗಿದೆ. ನಿನ್ನೆ ತುಮಕೂರಿಗೆ ಹೋಗಿ ಬ್ಲಡ್ ಬ್ಯಾಂಕ್‌ನಲ್ಲಿ ಸ್ಯಾಂಪಲ್ ಕೊಟ್ಟೆವು. ಓ ನೆಗೆಟಿವ್ ಅಂತ ಖಚಿತ ಆಯಿತು, ವೀಕ್ ಡಿ ಕೂಡ ಇಲ್ಲ. ಐಸಿಟಿ ನೆಗೆಟಿವ್. 28 ವಾರಕ್ಕೆ ಇಂಜೆಕ್ಷನ್ ಬರೆದುಕೊಟ್ಟಿದ್ದಾರೆ. ಅತ್ತೆಯವರಿಗೆ ಡಾಕ್ಟರ್ ಬರೆದದ್ದನ್ನು ಹಾಗೇ ಓದಿ ಹೇಳಿದೆ, "ಅಯ್ಯೋ ಹಾಗಾ, ಮೊದಲು ಹಾಕಿಸಿ" ಅಂದರು.

ಈಗ ಹೊಸ ಚಿಂತೆ. ಹೆರಿಗೆಯಲ್ಲಿ ರಕ್ತ ಬೇಕಾದರೆ ಓ ನೆಗೆಟಿವ್ ಸಿಗುವುದು ಕಷ್ಟ ಅಂತ ಈಗಲೇ ನೋಡಿಕೊಳ್ಳಿ ಅಂದಿದ್ದಾರೆ. ಅವಳ ತಮ್ಮನದೂ ಓ ನೆಗೆಟಿವ್. ಅವನದನ್ನೇ ಕೊಡಿಸಿದರೆ ಆಗುತ್ತಾ?

ಹೆರಿಗೆ ವಾರ್ಡ್

ಒಡಹುಟ್ಟಿದವರ ರಕ್ತ ಒಳ್ಳೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಹತ್ತಿರದ ರಕ್ತ ಸಂಬಂಧಿಗಳದ್ದನ್ನು ಹಾಗೇ ಹಾಕುವ ಹಾಗಿಲ್ಲ. ಅದರಲ್ಲಿರುವ ಬಿಳಿ ರಕ್ತಕಣವನ್ನು ಮೈ ಪರಕೀಯ ಅಂತ ಗುರುತಿಸದೆ, ಅವು ಬೆಳೆದು ರೋಗಿಯ ಮೇಲೇ ತಿರುಗಿಬೀಳುವ ಅಪಾಯ ಇದೆ. ಅಪರೂಪ, ಆದರೆ ಬಂದರೆ ಉಳಿಸುವುದು ಬಹಳ ಕಷ್ಟ. ಅಂಥ ಚೀಲವನ್ನು ವಿಕಿರಣಕ್ಕೆ ಒಡ್ಡಿ ಕೊಡಬೇಕು, ಆ ಯಂತ್ರ ದೊಡ್ಡ ಕೇಂದ್ರಗಳಲ್ಲಿ ಮಾತ್ರ ಇರುತ್ತದೆ. ಹಾಗೆಯೇ, ಮುಂದೆ ಮಕ್ಕಳು ಬೇಕು ಅನ್ನುವ ಹೆಂಡತಿಗೆ ಗಂಡನ ರಕ್ತವನ್ನು ಗ್ರೂಪ್ ಹೊಂದಿದರೂ ಸಾಧ್ಯವಾದಷ್ಟು ಕೊಡುವುದಿಲ್ಲ. ಅವನ ಕಣದ ವಿರುದ್ಧ ಪ್ರತಿಕಾಯ ಬೆಳೆದರೆ ಮುಂದಿನ ಮಗುವಿಗೆ ತೊಂದರೆ.

ತಮ್ಮ ಬೇರೆಯವರಿಗೆ ಅಂತ ದಾನ ಮಾಡಲಿ, ಬ್ಲಡ್ ಬ್ಯಾಂಕ್‌ನವರು ನಿಮಗೆ ಬೇರೆ ದಾನಿಯ ಚೀಲ ಕಾದಿರಿಸಲಿ. ಹೆರಿಗೆಗೆ ಎರಡು ಮೂರು ವಾರ ಮುಂಚೆ ಹೋಗಿ ಮಾತಾಡಿ. ಕೆಂಪು ಕಣ 35ರಿಂದ 42 ದಿನ ಮಾತ್ರ ಇಡಬಹುದು, ಹಾಗಾಗಿ ಈಗಲೇ ತೆಗೆದಿಟ್ಟರೆ ಪ್ರಯೋಜನ ಇಲ್ಲ. ಮತ್ತೆ ಅವಳ ಹಿಮೋಗ್ಲೋಬಿನ್ ಎಷ್ಟಿದೆ ನೋಡಿ. ಕಬ್ಬಿಣದ ಮಾತ್ರೆ ತಪ್ಪದೆ ನುಂಗಲಿ. ಹಿಮೋಗ್ಲೋಬಿನ್ ಚೆನ್ನಾಗಿದ್ದರೆ ರಕ್ತ ಹಾಕುವ ಪ್ರಸಂಗವೇ ಕಡಿಮೆಯಾಗುತ್ತದೆ.

ಮಗಳ ಅಪ್ಪ

ನನ್ನ ಮಗಳಿಗೆ ಥಲಸ್ಸೀಮಿಯಾ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಈ ಚರ್ಚೆ ಪೂರ್ತಿ ಓದಿದೆ, ಎರಡು ಮಾತು ಹೇಳಬೇಕು ಅನಿಸಿತು.

ಇಂಥ ಮಕ್ಕಳಿಗೆ ಎ, ಬಿ, ಓ, ಆರ್‌ಎಚ್ ಹೊಂದಿದರೆ ಸಾಲದು. ಪ್ರತಿ ಸಲವೂ ಬೇರೆ ಬೇರೆಯವರ ರಕ್ತ ಹೋಗುವುದರಿಂದ ಕೆಲ್, ಕಿಡ್ ಅಂತ ಲ್ಯಾಬ್ ಅಕ್ಕ ಹೇಳಿದವುಗಳ ವಿರುದ್ಧ ಪ್ರತಿಕಾಯ ಬೆಳೆಯುತ್ತಾ ಹೋಗುತ್ತದೆ. ಬೆಳೆದ ಮೇಲೆ ಚೀಲ ಹುಡುಕುವುದು ಕಷ್ಟವಾಗುತ್ತದೆ. ನಮ್ಮ ಡಾಕ್ಟರ್ ಮೊದಲನೇ ಸಲ ರಕ್ತ ಹಾಕುವ ಮುಂಚೆಯೇ ಅವಳ ಪೂರ್ತಿ ಫಿನೋಟೈಪ್, ಅಂದರೆ ಅವಳ ಕಣದ ಮೇಲೆ ಯಾವ ಯಾವ ಅಂಶ ಇದೆ ಅನ್ನುವ ಪರೀಕ್ಷೆ, ಮಾಡಿಸಿ ಫೈಲ್‌ನಲ್ಲಿ ಇಟ್ಟರು. ಹಾಕಿದ ಮೇಲೆ ಮೈಯಲ್ಲಿ ಬೇರೆಯವರ ಕಣ ಬೆರೆತಿರುತ್ತದೆ, ಆಗ ಟೆಸ್ಟ್ ಗೊಂದಲ ಆಗುತ್ತದೆ. ಹೊಸದಾಗಿ ಗೊತ್ತಾದ ತಂದೆ ತಾಯಂದಿರು ಇದನ್ನು ಮೊದಲೇ ಕೇಳಿ ಮಾಡಿಸಿಕೊಳ್ಳಿ. ಥಲಸ್ಸೀಮಿಯಾ ಮಕ್ಕಳಿಗೆ ರಕ್ತಕ್ಕೆ ಸಂಸ್ಕರಣೆ ಶುಲ್ಕ ತಗೊಳ್ಳಬಾರದು ಅಂತ ನಿಯಮ ಇದೆ, ಅದನ್ನೂ ಕೇಳಿ ಪಡೆಯಿರಿ.

ಎರಡನೇದು. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜಿಗೆಲ್ಲಾ ರಜೆ. ಕ್ಯಾಂಪ್ ನಡೆಯುವುದಿಲ್ಲ. ಆಗ ನಾವು ಬ್ಲಡ್ ಬ್ಯಾಂಕ್‌ಗೆ ಹೋದರೆ ಅಲ್ಲಿನ ಫ್ರಿಜ್ ಅರ್ಧ ಖಾಲಿ. ಓದುವವರೆಲ್ಲಾ ದಯವಿಟ್ಟು ಆ ಎರಡು ತಿಂಗಳನ್ನು ನೆನಪಿಟ್ಟುಕೊಳ್ಳಿ.

ಕೆಂಗೇರಿ ಕಿಟ್ಟಿ

ಅಣ್ಣ, ನಾನು ಏಪ್ರಿಲ್‌ನಲ್ಲಿ ಕೊಡುತ್ತೇನೆ. ನಮ್ಮ ಆಫೀಸಿನವರನ್ನೂ ಕರಕೊಂಡು ಬರುತ್ತೇನೆ. ಯಾರು ಕೊಡಬಹುದು, ಯಾರು ಕೊಡಬಾರದು?

ಲ್ಯಾಬ್ ಅಕ್ಕ

18ರಿಂದ 65 ವರ್ಷ, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ತೆಗೆಯುವುದು 350 ಅಥವಾ 450 ಮಿಲಿ. ಖಾಲಿ ಹೊಟ್ಟೆಯಲ್ಲಿ ಬರಬೇಡಿ. ಪ್ರತಿ ಚೀಲಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಆಗುತ್ತದೆ. ಫಾರಂನಲ್ಲಿ ಕೇಳುವ ಪ್ರಶ್ನೆಗಳಿಗೆ ನಿಜವನ್ನೇ ಬರೆಯಿರಿ, ಅದೂ ಪರೀಕ್ಷೆಯಷ್ಟೇ ಮುಖ್ಯ.

ನೆಗೆಟಿವ್ ಗ್ರೂಪಿನವರಿಗೆ ಒಂದು ಕೋರಿಕೆ. ಹುಟ್ಟುಹಬ್ಬದ ಕ್ಯಾಂಪ್ ಅಂತ ಎಲ್ಲರೂ ಒಂದೇ ದಿನ ಕೊಟ್ಟುಬಿಟ್ಟರೆ, ಅವಧಿಯೊಳಗೆ ಬಳಕೆಯಾಗದೆ ಹೋಗಬಹುದು. ಅದರ ಬದಲು ಹತ್ತಿರದ ಬ್ಲಡ್ ಬ್ಯಾಂಕ್‌ನಲ್ಲಿ ಹೆಸರು, ಫೋನ್ ನಂಬರ್ ಬರೆಸಿಡಿ. ಕರೆದಾಗ ಬನ್ನಿ. ಕೊಟ್ಟು ಎಷ್ಟು ದಿನ ಆಯಿತು ಅಂತ ನೀವೇ ಲೆಕ್ಕ ಇಟ್ಟುಕೊಳ್ಳಿ. ಯಾವ ಬ್ಲಡ್ ಬ್ಯಾಂಕ್‌ನಲ್ಲಿ ಯಾವ ಗ್ರೂಪ್ ಎಷ್ಟಿದೆ ಅಂತ ಸರ್ಕಾರದ ಇ-ರಕ್ತಕೋಶ್ ವೆಬ್‌ಸೈಟ್‌ನಲ್ಲಿ ನೋಡಬಹುದು, ಆದರೆ ಹೊರಡುವ ಮುಂಚೆ ಒಂದು ಫೋನ್ ಮಾಡಿಕೊಂಡೇ ಹೋಗಿ.

ಬೆಳಗಾವಿ ಹುಡುಗಿ

ಓ ಗ್ರೂಪಿನವರು ಮಾಂಸ ತಿನ್ನಬೇಕು, ಎ ಗ್ರೂಪಿನವರು ತರಕಾರಿ ತಿನ್ನಬೇಕು ಅಂತ ಡಯಟ್ ಹೇಳುತ್ತಾರಲ್ಲ, ಅದು ನಿಜನಾ?

ಹೆರಿಗೆ ವಾರ್ಡ್

ಅದಕ್ಕೆ ಆಧಾರ ಇಲ್ಲ. ಗ್ರೂಪಿಗೂ ಕೆಲವು ಕಾಯಿಲೆಗೂ ಸ್ವಲ್ಪ ನಂಟು ಇರುವುದು ನಿಜ. ಓ ಗ್ರೂಪಿನವರಲ್ಲಿ ರಕ್ತ ಹೆಪ್ಪುಗಟ್ಟಿಸುವ ಒಂದು ಅಂಶ ಕಡಿಮೆ ಇರುತ್ತದೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ತೊಂದರೆ ಅವರಿಗೆ ಕಡಿಮೆ. ಕಾಲರಾ ಬಂದರೆ ಮಾತ್ರ ಅವರಿಗೆ ಜೋರಾಗಿ ಬರುತ್ತದೆ. ಎ ಗ್ರೂಪಿನವರಿಗೆ ಹೊಟ್ಟೆಯ ಕ್ಯಾನ್ಸರ್ ಸಾಧ್ಯತೆ ತುಸು ಜಾಸ್ತಿ. ಇದರಿಂದ ನಿಮ್ಮ ಊಟ ಬದಲಾಗಬೇಕಾಗಿಲ್ಲ. ಜೋಳದ ರೊಟ್ಟಿ ಎಲ್ಲಾ ಗ್ರೂಪಿಗೂ ಆಗುತ್ತದೆ.

ಮಲೆನಾಡ ಮಳೆ

ಲ್ಯಾಬ್ ಅಕ್ಕ, ಭಾವನದು ಓ ಪಾಸಿಟಿವ್. ಅಕ್ಕನ ಮಗನದು ಎ ಪಾಸಿಟಿವ್. ಹುಟ್ಟಿದ ದಿನವೇ ನೋಡಿದ್ದು. ಶಾಲೆಯ ಫಾರಂಗೆ ಅದನ್ನೇ ಬರೆದಿದ್ದೇವೆ. ಮತ್ತೆ ನೋಡಿಸಬೇಕಾ?

ಲ್ಯಾಬ್ ಅಕ್ಕ

ನೋಡಿಸಿ. ಹುಟ್ಟಿದ ಮಗುವಿನಲ್ಲಿ ಎ, ಬಿ ಅಂಶ ಇನ್ನೂ ಪೂರ್ತಿ ಬಲಿತಿರುವುದಿಲ್ಲ, ರಿವರ್ಸ್ ಗ್ರೂಪಿಂಗ್ ಮಾಡುವುದಕ್ಕೆ ಅದರದ್ದೇ ಪ್ರತಿಕಾಯವೂ ಇರುವುದಿಲ್ಲ. ಅದರ ಮೇಲೆ ಈ ಮಗುವಿಗೆ ಹೊಟ್ಟೆಯಲ್ಲಿರುವಾಗ ಬೇರೆಯವರ ರಕ್ತ ಹೋಗಿದೆ. ಆ ಕಣ ಈಗ ಒಂದೂ ಉಳಿದಿಲ್ಲ. ಶಾಲೆಗೆ ಹೋಗುವ ವಯಸ್ಸು ಅಂದರೆ ಈಗ ಎರಡೂ ಕಡೆಯಿಂದ ಸರಿಯಾಗಿ ನೋಡಬಹುದು. ಬ್ಲಡ್ ಬ್ಯಾಂಕಿಗೇ ಕರಕೊಂಡು ಹೋಗಿ, ಒಂದೆರಡು ಮಿಲಿ ಸಾಕು. ಹಳೆಯ ಕಾರ್ಡ್ ಎಸೆಯಬೇಡಿ, ಹೊಸ ರಿಪೋರ್ಟ್ ಜೊತೆ ಒಂದೇ ಫೈಲ್‌ನಲ್ಲಿ ಇಡಿ. ಅಕ್ಕನ ಫೈಲ್‌ನಲ್ಲೂ ಐಸಿಟಿ ಪಾಸಿಟಿವ್ ಅನ್ನುವುದನ್ನು ಮೊದಲ ಪುಟದಲ್ಲೇ ದೊಡ್ಡದಾಗಿ ಬರೆದಿಡಿ, ಮುಂದೆ ಯಾವ ಕಾರಣಕ್ಕೆ ಅವರಿಗೆ ರಕ್ತ ಬೇಕಾದರೂ ಬ್ಲಡ್ ಬ್ಯಾಂಕ್‌ನವರಿಗೆ ಅದು ಮೊದಲು ಗೊತ್ತಾಗಬೇಕು.